ಐದು ಕಿಲೋ ಅಕ್ಕಿ ಹೋಗಿ ಬೇಳೆ ಬಂದರೆ ತಟ್ಟೆಯಲ್ಲಿ ಏನು ಬದಲಾಗುತ್ತದೆ?

ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ ಅಕ್ಕಿಯ ಬದಲಿಗೆ ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ‘ಇಂದಿರಾ ಆಹಾರ ಕಿಟ್’ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಆಗಿನಿಂದ ದಾವಣಗೆರೆ, ಚಿತ್ರದುರ್ಗದ ಕಡೆ ಎರಡು ಬಗೆಯ ಮಾತು ಕೇಳಿಬರುತ್ತಿವೆ. ಬಡವರ ಅನ್ನಕ್ಕೆ ಕತ್ತರಿ ಹಾಕಿದರು ಅನ್ನುವುದು ಒಂದು. ಅಕ್ಕಿಯಲ್ಲಿ ಇರುವುದೆಲ್ಲ ಬರೀ ಪಿಷ್ಟ, ಬೇಳೆ ಬಂದರೆ ಪ್ರೋಟೀನ್ ಬಂತು, ಒಳ್ಳೆಯದೇ ಆಯಿತು ಅನ್ನುವುದು ಇನ್ನೊಂದು. ಇವುಗಳ ಜೊತೆಗೆ ಕಬ್ಬಿಣ, ವಿಟಮಿನ್ ಬೆರೆಸಿದ ಸಾರವರ್ಧಿತ ಅಕ್ಕಿ, ಹೆಚ್ಚು ಪ್ರೋಟೀನ್ ಇರುವ ಹೊಸ ಭತ್ತದ ತಳಿ, ಸಿರಿಧಾನ್ಯದ ಪ್ರಚಾರ ಎಲ್ಲ ಸೇರಿಕೊಂಡು, ಅಕ್ಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರೇ ಹೆಚ್ಚಾಗಿದ್ದಾರೆ.

ಈ ಎರಡೂ ಮಾತು ಅರ್ಧ ಸರಿ. ಅಕ್ಕಿಯ ಪ್ರೋಟೀನನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕಿಟ್ ಬೇಕೋ ಬೇಡವೋ ಎಂಬ ಜಗಳ ಹಿಂದೆ ಸರಿಯುತ್ತದೆ, ಕಿಟ್‌ನಲ್ಲಿ ಬೇಳೆ ಎಷ್ಟು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಇಲ್ಲಿಯವರೆಗೆ ನಡೆದದ್ದು

ಅನ್ನಭಾಗ್ಯ ಶುರುವಾದದ್ದು 2013ರ ಜುಲೈನಲ್ಲಿ. ತಲೆಗೆ 10 ಕೆ.ಜಿ ಅಕ್ಕಿ ಎಂಬ ಭರವಸೆ ಬಂದದ್ದು 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ. ಇದರಲ್ಲಿ 5 ಕೆ.ಜಿ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರದಿಂದ ಬರುವಂಥದ್ದು. ಉಳಿದ 5 ಕೆ.ಜಿಯನ್ನು ರಾಜ್ಯವೇ ಹೊಂದಿಸಬೇಕಿತ್ತು. ಆದರೆ ಭಾರತೀಯ ಆಹಾರ ನಿಗಮ ಆಗ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು 2023ರ ಜುಲೈನಿಂದ ಖಾತೆಗೆ ಹಾಕಲಾಯಿತು. 2025ರ ಫೆಬ್ರುವರಿಯಲ್ಲಿ ಹಣ ನಿಂತು ಅಕ್ಕಿಯೇ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಿಟ್‌ನ ತೀರ್ಮಾನ.

ಸರ್ಕಾರ ಕೊಟ್ಟ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ: ಹೆಚ್ಚುವರಿ ಅಕ್ಕಿ ಮನೆಯಲ್ಲಿ ಉಳಿದು ಕಾಳಸಂತೆಗೆ ಹೋಗುತ್ತಿದೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ, ಸಾಲುಸಾಲು ಅಕ್ಕಿ ಗಿರಣಿಗಳಿರುವ ದಾವಣಗೆರೆ, ಹರಿಹರದ ಕಡೆಯವರಿಗೆ ಸೊಸೈಟಿ ಅಕ್ಕಿ ಕೈ ಬದಲಾಯಿಸುವುದು ಹೊಸ ಸುದ್ದಿಯೇನಲ್ಲ. ಊಟಕ್ಕೆ ಸೋನಾ ಮಸೂರಿ ಕೊಂಡು, ಸೊಸೈಟಿ ಅಕ್ಕಿಯನ್ನು ದೋಸೆಗೆ, ಇಡ್ಲಿಗೆ ಇಟ್ಟುಕೊಂಡು, ಮಿಕ್ಕಿದ್ದನ್ನು ಕೊಟ್ಟುಬಿಡುವ ಮನೆಗಳಿವೆ. ಆ ಅಕ್ಕಿಯ ಒಂದು ಅಗುಳನ್ನೂ ಬಿಡದೆ ಉಣ್ಣುವ ಮನೆಗಳೂ ಇವೆ. ಈ ಎರಡು ಬಗೆಯ ಮನೆಗಳಿಗೆ ಒಂದೇ ಕಿಟ್ ಬೇರೆಬೇರೆ ಫಲ ಕೊಡುತ್ತದೆ.

ಅಕ್ಕಿಯಲ್ಲಿರುವ ಪ್ರೋಟೀನ್ ಎಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 7.9 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ 7.2, ಜೋಳದಲ್ಲಿ 10, ಗೋಧಿ ಹಿಟ್ಟಿನಲ್ಲಿ 10.6, ತೊಗರಿಬೇಳೆಯಲ್ಲಿ 21.7 ಗ್ರಾಂ. ಅಂದರೆ ಅಕ್ಕಿಯಲ್ಲಿ ಪ್ರೋಟೀನ್ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ದಿನಕ್ಕೆ ಮುನ್ನೂರು ಗ್ರಾಂ ಅಕ್ಕಿ ಬೇಯಿಸಿಕೊಂಡು ಉಣ್ಣುವವನಿಗೆ ಅದರಿಂದಲೇ 23–24 ಗ್ರಾಂ ಪ್ರೋಟೀನ್ ಸಿಗುತ್ತದೆ.

ಇಲ್ಲೊಂದು ಗೊಂದಲ ಪದೇಪದೇ ಎದುರಾಗುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಅಕ್ಕಿಯ ಪ್ರೋಟೀನ್ ಒಂದು ಕಡೆ 7 ಅಂತಲೂ ಇನ್ನೊಂದು ಕಡೆ 2.7 ಅಂತಲೂ ಸಿಗುತ್ತದೆ. ಎರಡೂ ನಿಜ. ಮೊದಲನೆಯದು ಹಸಿ ಅಕ್ಕಿಯದು, ಎರಡನೆಯದು ಬೆಂದ ಅನ್ನದ್ದು. ಬೇಯುವಾಗ ಅಕ್ಕಿ ನೀರು ಕುಡಿದು ತೂಕ ಎರಡೂವರೆ, ಮೂರು ಪಟ್ಟಾಗುವುದರಿಂದ ನೂರು ಗ್ರಾಂ ಅನ್ನದಲ್ಲಿರುವ ಪ್ರೋಟೀನ್ ಅಷ್ಟೇ ಪಟ್ಟು ಕಮ್ಮಿ ಕಾಣುತ್ತದೆ. ಬೇಳೆಯದೂ ಇದೇ ಕತೆ. ಹಾಗಾಗಿ ಹೋಲಿಸುವುದಾದರೆ ಹಸಿಯನ್ನು ಹಸಿಗೆ, ಬೆಂದದ್ದನ್ನು ಬೆಂದದ್ದಕ್ಕೆ ಹೋಲಿಸಬೇಕು.

ಎಷ್ಟು ಎನ್ನುವುದಕ್ಕಿಂತ ಎಂಥದ್ದು

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರಪಳಿ. ನಮ್ಮ ದೇಹದ ಪ್ರೋಟೀನುಗಳು ಮುಖ್ಯವಾಗಿ 20 ಬಗೆಯ ಅಮೈನೊ ಆಮ್ಲಗಳಿಂದ ಆಗಿವೆ. ಇವುಗಳಲ್ಲಿ 9ನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಅಷ್ಟೇ ಅಲ್ಲ, ಬೇಕಾದ ಪ್ರಮಾಣದಲ್ಲಿಯೇ ಬರಬೇಕು. ಮೊಳಕಾಲ್ಮೂರಿನ ಮಗ್ಗದಲ್ಲಿ ರೇಷ್ಮೆ ರಾಶಿ ಬಿದ್ದಿದ್ದರೂ ಜರಿ ತೀರಿದರೆ ಅಂಚು ಅಲ್ಲಿಗೇ ನಿಲ್ಲುತ್ತದೆ. ದೇಹದ ಕೆಲಸವೂ ಹಾಗೆಯೇ. ಒಂಬತ್ತರಲ್ಲಿ ಒಂದು ಕಮ್ಮಿಬಿದ್ದರೆ ಉಳಿದ ಎಂಟು ಎಷ್ಟಿದ್ದರೂ ಮೈಗೆ ಪೂರ್ತಿ ಹತ್ತುವುದಿಲ್ಲ. ಬಳಕೆಯಾಗದೆ ಉಳಿದದ್ದನ್ನು ದೇಹ ಇಂಧನವಾಗಿ ಸುಟ್ಟು, ಅದರ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ.

ಅಕ್ಕಿಯಲ್ಲಿ ಹೀಗೆ ಕಮ್ಮಿಬೀಳುವ ಅಮೈನೊ ಆಮ್ಲದ ಹೆಸರು ಲೈಸಿನ್. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಮಾನದಂಡದಂತೆ ದೊಡ್ಡವರು ತಿನ್ನುವ ಪ್ರತಿ ಗ್ರಾಂ ಪ್ರೋಟೀನಿನಲ್ಲಿ 45 ಮಿ.ಗ್ರಾಂ ಲೈಸಿನ್ ಇರಬೇಕು. ಅಕ್ಕಿಯ ಪ್ರೋಟೀನಿನಲ್ಲಿ ಇರುವುದು 37ರ ಆಸುಪಾಸು. ಮೂರು ವರ್ಷದೊಳಗಿನ ಮಕ್ಕಳಿಗೆ ಬೇಕಾದದ್ದು 57. ಹಾಗಾಗಿ ಲೈಸಿನ್ ಕೊರತೆಯ ಬಿಸಿ ಮೊದಲು ತಟ್ಟುವುದು ಎಳೆ ಮಕ್ಕಳಿಗೆ. ಜೀರ್ಣವಾಗುವ ಪ್ರಮಾಣವನ್ನೂ ಸೇರಿಸಿ ಪ್ರೋಟೀನಿಗೆ ಅಂಕ ಕೊಡುವ ಒಂದು ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಅದರಲ್ಲಿ ಮೊಟ್ಟೆ, ಹಾಲು 1ಕ್ಕಿಂತ ಮೇಲೆ ನಿಲ್ಲುತ್ತವೆ. ಬೆಂದ ಅನ್ನಕ್ಕೆ ಸಿಗುವುದು ಸುಮಾರು 0.6.

ಜೋಳ, ರಾಗಿಗಿಂತ ಅಕ್ಕಿ ಕೀಳೇ?

0.6 ಅಂಕ ಪರೀಕ್ಷೆಯ ಲೆಕ್ಕದಲ್ಲಿ ಸಾಧಾರಣವೇ. ಆದರೆ ಪಕ್ಕದಲ್ಲಿ ಕುಳಿತ ಧಾನ್ಯಗಳ ಅಂಕ ನೋಡಿದರೆ ಅಚ್ಚರಿಯಾಗುತ್ತದೆ. ಗೋಧಿ 0.4ರ ಸುತ್ತಮುತ್ತ ಇದೆ, ಜೋಳ ಅದಕ್ಕೂ ಕೆಳಗೆ. ಪ್ರತಿ ಗ್ರಾಂ ಪ್ರೋಟೀನಿಗೆ ಲೈಸಿನ್ ಜೋಳದಲ್ಲಿ 20ರಿಂದ 23 ಮಿ.ಗ್ರಾಂ, ಗೋಧಿ ಮತ್ತು ಮೆಕ್ಕೆಜೋಳದಲ್ಲಿ 25ರಿಂದ 28, ರಾಗಿಯಲ್ಲಿ 28ರ ಹತ್ತಿರ. ನಮ್ಮ ಬಯಲುಸೀಮೆಯ ತಟ್ಟೆಗೆ ಬರುವ ಮುಖ್ಯ ಧಾನ್ಯಗಳಲ್ಲಿ ಪ್ರೋಟೀನಿನ ಗುಣದ ಮಟ್ಟಿಗೆ ಅಕ್ಕಿಯೇ ಮುಂದೆ.

ಇದಕ್ಕೆ ಕಾರಣ ಕಾಳಿನೊಳಗೆ ಪ್ರೋಟೀನ್ ಯಾವ ರೂಪದಲ್ಲಿ ಶೇಖರವಾಗಿದೆ ಎನ್ನುವುದರಲ್ಲಿದೆ. ಬಹುತೇಕ ಧಾನ್ಯಗಳು ಪ್ರೋಟೀನನ್ನು ಪ್ರೋಲಮಿನ್ ಎಂಬ ಬಗೆಯಲ್ಲಿ ಕೂಡಿಡುತ್ತವೆ. ಪ್ರೋಲಮಿನ್‌ನಲ್ಲಿ ಲೈಸಿನ್ ತೀರಾ ಕಡಿಮೆ. ಅಕ್ಕಿ ಮಾತ್ರ ತನ್ನ ಪ್ರೋಟೀನಿನ ಬಹುಭಾಗವನ್ನು ಗ್ಲುಟೆಲಿನ್ ಎಂಬ ಇನ್ನೊಂದು ಬಗೆಯಲ್ಲಿ ಇಟ್ಟುಕೊಂಡಿರುತ್ತದೆ. ಅದರಲ್ಲಿ ಲೈಸಿನ್ ಹೆಚ್ಚು, ಜೀರ್ಣವೂ ಸುಲಭ. ಜೋಳದ ಪ್ರೋಲಮಿನ್‌ಗೆ ಕೆಫಿರಿನ್ ಎಂದು ಹೆಸರು. ಇದಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಒದ್ದೆ ಹಿಟ್ಟು ಬೆಂದಾಗ ಇದು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು, ಮೊದಲಿಗಿಂತ ಕಡಿಮೆ ಜೀರ್ಣವಾಗುತ್ತದೆ.

ಹಾಗಂತ ರೊಟ್ಟಿ, ಮುದ್ದೆ ಬಿಡಿ ಎಂದು ಹೇಳಿದಂತಲ್ಲ. ರಾಗಿಯ ಬಲ ಸುಣ್ಣದಲ್ಲಿದೆ. ನೂರು ಗ್ರಾಂಗೆ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಕೊಡುವ ಧಾನ್ಯ ಇನ್ನೊಂದಿಲ್ಲ. ನಾರು, ಕಬ್ಬಿಣದಲ್ಲಿ ಜೋಳವೂ ಬಿಳಿ ಅಕ್ಕಿಗಿಂತ ಮೇಲು. ಸಿರಿಧಾನ್ಯಕ್ಕೆ ಇಷ್ಟೆಲ್ಲ ಗುಣ ಇರುವಾಗ ಇಲ್ಲದ ಪ್ರೋಟೀನ್ ಕಿರೀಟ ತೊಡಿಸುವ ಅಗತ್ಯ ಏನಿದೆಯೋ ತಿಳಿಯದು. ಹಳೆಯ ಊಟದ ಜಾಣತನ ಕಾಣುವುದು ಮುದ್ದೆಯ ಜೊತೆಗಿದ್ದ ಹುರಳಿಕಾಳು ಸಾರಿನಲ್ಲಿ, ರೊಟ್ಟಿಯ ಜೊತೆಗಿದ್ದ ಕಾಳುಪಲ್ಯದಲ್ಲಿ. ಧಾನ್ಯದ ಲೈಸಿನ್ ಕೊರತೆಯನ್ನು ತುಂಬುತ್ತಿದ್ದದ್ದು ಅವೇ.

ಪಾಲಿಶ್ ಅಕ್ಕಿಯ ಬಗ್ಗೆಯೂ ಇದೇ ಜಾಗದಲ್ಲಿ ಒಂದು ಮಾತು. ಗಿರಣಿಯಲ್ಲಿ ತೌಡಿನ ಜೊತೆ ಹೋಗುವ ಪ್ರೋಟೀನ್ ಗುಣದಲ್ಲಿ ಚೆನ್ನಾಗಿಯೇ ಇರುತ್ತದೆ, ಆದರೆ ಪ್ರಮಾಣ ಸಣ್ಣದು. ನೂರು ಗ್ರಾಂಗೆ ಒಂದು ಗ್ರಾಂಗಿಂತ ತುಸು ಹೆಚ್ಚು. ಪಾಲಿಶ್ ಮಾಡುವುದರ ನಿಜವಾದ ನಷ್ಟ ಬಿ ವಿಟಮಿನ್, ನಾರು, ಖನಿಜಗಳದ್ದು.

ಐದು ಕಿಲೋಗೆ ಒಂದು ಕಿಲೋ

ಈಗ ಕಿಟ್‌ಗೆ ಬರೋಣ. 5 ಕೆ.ಜಿ ಅಕ್ಕಿಯಲ್ಲಿ ಸುಮಾರು 395 ಗ್ರಾಂ ಪ್ರೋಟೀನ್ ಇದೆ. ಗ್ರಾಂಗೆ 37 ಮಿ.ಗ್ರಾಂನಂತೆ ಅದರಲ್ಲಿರುವ ಲೈಸಿನ್ 15 ಗ್ರಾಂಗೆ ಸ್ವಲ್ಪ ಕಡಿಮೆ. 1 ಕೆ.ಜಿ ತೊಗರಿಬೇಳೆಯಲ್ಲಿ ಪ್ರೋಟೀನ್ 217 ಗ್ರಾಂ. ಬೇಳೆಯ ಪ್ರೋಟೀನಿನಲ್ಲಿ ಲೈಸಿನ್ ಧಾರಾಳ, ಗ್ರಾಂಗೆ 70 ಮಿ.ಗ್ರಾಂ ಹತ್ತಿರ. ಗುಣಿಸಿದರೆ 15 ಗ್ರಾಂ. ಲೈಸಿನ್ ಲೆಕ್ಕದಲ್ಲಿ ಐದು ಕಿಲೋ ಅಕ್ಕಿಯೂ ಒಂದು ಕಿಲೋ ಬೇಳೆಯೂ ಸರಿಸಮ.

ಇದು ಒಬ್ಬರ ದಿನದ ಊಟದಲ್ಲಿ ಹೇಗೆ ಕಾಣುತ್ತದೆ ನೋಡಿ. ತಿಂಗಳಿಗೆ 10 ಕೆ.ಜಿ ಅಕ್ಕಿಯನ್ನೇ ಉಂಡರೆ ದಿನಕ್ಕೆ 26 ಗ್ರಾಂ ಪ್ರೋಟೀನ್, ಅದರಲ್ಲಿ ಒಂದು ಗ್ರಾಂ ಹತ್ತಿರ ಲೈಸಿನ್. 5 ಕೆ.ಜಿ ಅಕ್ಕಿ ಮತ್ತು 1 ಕೆ.ಜಿ ಬೇಳೆ ಉಂಡರೆ ಪ್ರೋಟೀನ್ 20 ಗ್ರಾಂ, ಲೈಸಿನ್ ಅದೇ ಒಂದು ಗ್ರಾಂ. ಮೇಲ್ನೋಟಕ್ಕೆ ಆರು ಗ್ರಾಂ ಪ್ರೋಟೀನ್ ಕಳೆದಂತಾಯಿತು. ಆದರೆ ಮೊದಲನೆಯದರಲ್ಲಿ ಗ್ರಾಂಗೆ 37 ಇದ್ದ ಲೈಸಿನ್ ಎರಡನೆಯದರಲ್ಲಿ 49ಕ್ಕೆ ಏರಿದೆ, ಅಂದರೆ 45ರ ಗೆರೆಯನ್ನು ದಾಟಿದೆ. ಮೊದಲ ಊಟದಲ್ಲಿ ಲೈಸಿನ್ ಸಾಲದೆ ಸುಟ್ಟುಹೋಗುತ್ತಿದ್ದ ಭಾಗ ಎರಡನೆಯದರಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ಹೀಗಾಗಿ ಎರಡೂ ಊಟದಲ್ಲಿ ಮೈಗೆ ಹತ್ತುವ ಪ್ರೋಟೀನ್ ಹೆಚ್ಚುಕಡಿಮೆ ಒಂದೇ.

ಲಾಭ ಇಷ್ಟಕ್ಕೇ ನಿಲ್ಲುವುದಿಲ್ಲ. ಬೇಳೆಕಾಳಿನಲ್ಲಿ ಗಂಧಕ ಇರುವ ಅಮೈನೊ ಆಮ್ಲಗಳು, ಮುಖ್ಯವಾಗಿ ಮೆಥಿಯೊನಿನ್, ಕಮ್ಮಿ. ಅಕ್ಕಿಯಲ್ಲಿ ಅವು ಸಾಕಷ್ಟಿವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದಕ್ಕೆ ಎರಡನ್ನೂ ಒಂದೇ ತುತ್ತಿನಲ್ಲಿ ಕಲಸಿ ತಿನ್ನಬೇಕೆಂಬ ನಿಯಮವೂ ಇಲ್ಲ. ಬೆಳಗ್ಗೆ ಒಂದು, ರಾತ್ರಿ ಒಂದು ತಿಂದರೂ ನಡೆಯುತ್ತದೆ.

ಈ ಐದಕ್ಕೆ ಒಂದು ಎನ್ನುವುದು ಕನಿಷ್ಠ ಅಳತೆ. ಬೇಳೆಯ ಪ್ರೋಟೀನ್ ಅಕ್ಕಿಯದರಷ್ಟು ಪೂರ್ತಿ ಜೀರ್ಣವಾಗುವುದಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ ಬೇಕಾದದ್ದೂ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪೋಷಣಾ ಸಂಸ್ಥೆ ಒಟ್ಟಾಗಿ ಕೊಡುವ ಸಲಹೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಎಂದು.

ಕಿಟ್ ಕುಟುಂಬಕ್ಕೆ, ಅಕ್ಕಿ ತಲೆಗೆ

ಗಮನಿಸಬೇಕಾದ ಅಂಶ ಇಲ್ಲಿದೆ. ಅಕ್ಕಿ ಕೊಡುವುದು ತಲೆ ಎಣಿಸಿ. ಕಿಟ್ ಕೊಡುವುದು ಕುಟುಂಬಕ್ಕೆ. ನಾಲ್ಕು ಜನರ ಮನೆಯಲ್ಲಿ ಕಳೆಯುವುದು 20 ಕೆ.ಜಿ ಅಕ್ಕಿ. ಐದಕ್ಕೆ ಒಂದರ ಲೆಕ್ಕ ಹಿಡಿದರೆ ಅದರ ಜಾಗಕ್ಕೆ 4 ಕೆ.ಜಿ ಬೇಳೆ ಬರಬೇಕು. ಬರುವ ಬೇಳೆ 2 ಕೆ.ಜಿ ಆದರೆ ಆ ಮನೆಯ ಲೈಸಿನ್ 58 ಗ್ರಾಂ ಹೋಗಿ 30 ಗ್ರಾಂ ಬಂದಂತೆ. ಅಕ್ಕಿ ಪೂರ್ತಿ ಉಣ್ಣುತ್ತಿದ್ದ ಮನೆಯಾದರೆ ಇದು ಪ್ರೋಟೀನಿನಲ್ಲೂ ನಷ್ಟವೇ. ಬೇಳೆ ಕೊಟ್ಟೆವು, ಪೌಷ್ಟಿಕತೆ ಹೆಚ್ಚಿತು ಎಂದು ಹೇಳಿಕೊಳ್ಳುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹೆಚ್ಚುವರಿ ಅಕ್ಕಿಯನ್ನು ಮಾರುತ್ತಿದ್ದ ಮನೆಯ ಲೆಕ್ಕ ಬೇರೆ. ಆ ಅಕ್ಕಿಯ ಪ್ರೋಟೀನ್ ಅವರ ಹೊಟ್ಟೆಗೆ ಹೋಗುತ್ತಲೇ ಇರಲಿಲ್ಲ. ಅಲ್ಲಿ ಎರಡು ಕಿಲೋ ಬೇಳೆ ಬಂದರೆ ಅಷ್ಟೂ ಲಾಭ. ಆದರೆ ಅಕ್ಕಿ ಮಾರಿ ಬಂದ ಕಾಸಿನಿಂದ ಮೊಟ್ಟೆಯನ್ನೋ ಹಾಲನ್ನೋ ತರುತ್ತಿದ್ದರೆ ಆ ದಾರಿ ಮುಚ್ಚಿತು ಎಂಬುದನ್ನೂ ಕಳೆಯಬೇಕು. ಬೇಳೆಯೂ ಕಾಳಸಂತೆಗೆ ಹೋಗುವುದಿಲ್ಲ ಎಂಬ ಖಾತರಿ ಏನು ಎಂದು ಟೀಕಾಕಾರರು ಕೇಳುವುದರಲ್ಲಿ ತಪ್ಪಿಲ್ಲ. ಆದರೂ ಕಿಲೋಗೆ ನೂರರ ಮೇಲಿರುವುದೇ ಹೆಚ್ಚಾಗಿರುವ ತೊಗರಿಬೇಳೆಯನ್ನು ಹೇಗಿದ್ದರೂ ಅಂಗಡಿಯಿಂದ ತರಲೇಬೇಕಾದ ಮನೆ, ಮನೆಗೇ ಬಂದದ್ದನ್ನು ಮಾರುವ ಸಂಭವ ಅಕ್ಕಿಗಿಂತ ಕಮ್ಮಿ ಎಂದು ತೋರುತ್ತದೆ.

ಹೊಟ್ಟೆ ತುಂಬುವ ಮಾತು

ಅನ್ನ ಕಡಿಮೆ ಮಾಡಬಾರದು ಎನ್ನುವವರ ವಾದದಲ್ಲಿ ಭಾವನೆಯ ಜೊತೆಗೆ ಗಟ್ಟಿ ಕಾರಣವೂ ಇದೆ. 10 ಕೆ.ಜಿ ಅಕ್ಕಿ ಒಬ್ಬರಿಗೆ ದಿನಕ್ಕೆ 1,150 ಕ್ಯಾಲೊರಿಗಿಂತ ಹೆಚ್ಚು ಕೊಡುತ್ತದೆ. 5 ಕೆ.ಜಿ ಅಕ್ಕಿ, 1 ಕೆ.ಜಿ ಬೇಳೆ ಸೇರಿ ಕೊಡುವುದು ಸುಮಾರು 700. ಎಣ್ಣೆ, ಸಕ್ಕರೆ ಈ ಕಂದರವನ್ನು ಸ್ವಲ್ಪ ತುಂಬುತ್ತವೆ. ಒಂದು ಲೀಟರ್ ಎಣ್ಣೆಯಲ್ಲಿ 8,000 ಕ್ಯಾಲೊರಿ ಇದೆ ನಿಜ. ಆದರೆ ಅದನ್ನು ನಾಲ್ಕು ಜನ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಎಪ್ಪತ್ತೂ ಬರುವುದಿಲ್ಲ.

ಕ್ಯಾಲೊರಿಗೂ ಪ್ರೋಟೀನಿಗೂ ನೇರ ನಂಟಿದೆ. ಶಕ್ತಿ ಸಾಲದೆ ಹೋದಾಗ ದೇಹ ಪ್ರೋಟೀನನ್ನೇ ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಹೊಲದ ಕೆಲಸ, ಗಾರೆ ಕೆಲಸ, ಹಮಾಲಿ ಮಾಡುವವರಿಗೆ ಅನ್ನದ ರಾಶಿ ಕಮ್ಮಿಯಾದರೆ, ತಟ್ಟೆಗೆ ಬಂದ ಬೇಳೆಯ ಒಳ್ಳೆಯ ಪ್ರೋಟೀನೂ ಸೌದೆಯಂತೆ ಉರಿದುಹೋಗುತ್ತದೆ. ಹೀಗಾಗಿ ಅಕ್ಕಿ ಕಿತ್ತು ಬೇಳೆ ಕೊಡುವುದಕ್ಕೂ ಅಕ್ಕಿಯ ಮೇಲೆ ಬೇಳೆ ಕೊಡುವುದಕ್ಕೂ ವ್ಯತ್ಯಾಸ ದೊಡ್ಡದು. ಎರಡನೆಯದು ದುಬಾರಿ, ಸರ್ಕಾರ ಅದರ ಗೊಡವೆಗೆ ಹೋಗಿಲ್ಲ. ಮೊದಲನೆಯದೇ ಆಗುವುದಾದರೆ ಕಮ್ಮಿಬಿದ್ದ ಧಾನ್ಯವನ್ನು ಮನೆಯವರು ಅಂಗಡಿಯಿಂದ ತರುತ್ತಾರೆ. ಅದಕ್ಕೆ ಬೇಕಾದ ದುಡ್ಡು ಬೇಳೆ, ಎಣ್ಣೆಯ ಖರ್ಚಿನಲ್ಲಿ ಉಳಿಯುತ್ತದೆಯೇ ಎನ್ನುವುದರ ಮೇಲೆ ಒಂದೊಂದು ಮನೆಯ ಲಾಭನಷ್ಟ ನಿಂತಿದೆ.

ಮಂಡಕ್ಕಿ, ಶೇಂಗಾ, ತಿಳಿಸಾರು

ಸೊಸೈಟಿಯಿಂದ ಬಂದದ್ದು ತಟ್ಟೆಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಎನ್ನುವುದೂ ಮುಖ್ಯ. ದಾವಣಗೆರೆಯ ಮಂಡಕ್ಕಿಯನ್ನೇ ತೆಗೆದುಕೊಳ್ಳಿ. ಭಟ್ಟಿಯಲ್ಲಿ ಉಪ್ಪುನೀರು ಹಿಡಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ಆಡಿಸುತ್ತಾರೆ, ಕ್ಷಣದಲ್ಲಿ ಅರಳುತ್ತದೆ. ಆ ಬಿಸಿಗೆ ಹೆಚ್ಚು ಹಾಳಾಗುವುದು ಲೈಸಿನ್ನೇ. ಅದರ ಒಂದು ತುದಿ ಸಕ್ಕರೆಯ ಅಣುಗಳ ಜೊತೆ ಕೂಡಿಕೊಂಡು ದೇಹಕ್ಕೆ ಸಿಗದಂತಾಗುತ್ತದೆ. ಮೊದಲೇ ಕಮ್ಮಿ ಇದ್ದದ್ದು ಇನ್ನಷ್ಟು ಕಮ್ಮಿ. ಬರಿ ಮಂಡಕ್ಕಿ ತಿಂದರೆ ಪ್ರೋಟೀನಿನ ಗುಣ ಅನ್ನದಷ್ಟೂ ಇಲ್ಲ. ಆದರೆ ಈ ಕಡೆ ಬರಿ ಮಂಡಕ್ಕಿ ತಿನ್ನುವವರು ಯಾರು? ಒಗ್ಗರಣೆಗೆ ಪುಟಾಣಿ ಪುಡಿ ಬೀಳುತ್ತದೆ, ಪಕ್ಕದಲ್ಲಿ ಕಡಲೆಹಿಟ್ಟು ಮೆತ್ತಿಕೊಂಡ ಮೆಣಸಿನಕಾಯಿ ಕೂತಿರುತ್ತದೆ. ಎರಡೂ ಕಡಲೆಯ ಮಕ್ಕಳು, ಎರಡರಲ್ಲೂ ಲೈಸಿನ್ ಇದೆ. ಬೆಣ್ಣೆ ದೋಸೆಯ ಹಿಟ್ಟಿನಲ್ಲಿ ಅಕ್ಕಿ, ಮಂಡಕ್ಕಿಯ ಜೊತೆ ಉದ್ದು ಮಾಡುವುದೂ ಅದೇ ಕೆಲಸ. ಬೆಣ್ಣೆಯನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡೋಣ, ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಮ್ಮಿ.

ಚಳ್ಳಕೆರೆ ಸೀಮೆಯ ಶೇಂಗಾ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಶೇಂಗಾದಲ್ಲಿ ಪ್ರೋಟೀನ್ ಶೇಕಡ 23ಕ್ಕೂ ಹೆಚ್ಚು, ತೊಗರಿಗಿಂತ ಮೇಲು. ಹಾಗಾಗಿ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಕಲಸಿದರೆ ಕೊರತೆ ತುಂಬಿತು ಎನಿಸುತ್ತದೆ. ಆದರೆ ಶೇಂಗಾ ಪ್ರೋಟೀನಿನ ಲೈಸಿನ್ ಅಕ್ಕಿಯದರಷ್ಟೇ, 35ರ ಹತ್ತಿರ. ಪ್ರೋಟೀನಿನ ತೂಕ ಹೆಚ್ಚುತ್ತದೆ, ಕೊರತೆಯ ಜಾಗ ಹಾಗೆಯೇ ಉಳಿಯುತ್ತದೆ. ಅದೇ ಚಿತ್ರದುರ್ಗದ ಕೆಂಪುಮಣ್ಣಿನಲ್ಲಿ ಮಳೆ ಕೈಕೊಟ್ಟಾಗಲೂ ಬರುವ ಹುರಳಿಯಲ್ಲಿ ಗ್ರಾಂಗೆ 80 ಮಿ.ಗ್ರಾಂ ಹತ್ತಿರ ಲೈಸಿನ್ ಇದೆ. ಅಕ್ಕಿಗೂ ಜೋಳಕ್ಕೂ ಇದಕ್ಕಿಂತ ಒಳ್ಳೆಯ ಜೊತೆ ಅಗ್ಗದಲ್ಲಿ ಸಿಗುವುದು ಕಷ್ಟ. ದನಕ್ಕೆ ಹಾಕುವ ಕಾಳು ಎಂಬ ಹೆಸರು ಅದಕ್ಕೆ ಅಂಟಿಕೊಂಡದ್ದು ಅನ್ಯಾಯ. ಕಿಟ್‌ಗೆ ಬೇಳೆ ಆರಿಸುವವರು ಹುರಳಿಯತ್ತ ನೋಡಿದ್ದರೆ ಖರ್ಚೂ ತಗ್ಗುತ್ತಿತ್ತು.

ಇನ್ನು ತಿಳಿಸಾರು. ತಲೆಗೆ ತಿಂಗಳಿಗೆ ಒಂದು ಕಿಲೋ ಬೇಳೆ ಎಂದರೆ ದಿನಕ್ಕೆ 33 ಗ್ರಾಂ, ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 130 ಗ್ರಾಂ. ಅಷ್ಟು ಬೇಳೆ ಬೇಯಿಸಿದರೆ ಸಾರು ಗಟ್ಟಿಯಾಗಿಯೇ ಇರುತ್ತದೆ. ಒಂದು ಹಿಡಿ ಬೇಳೆಗೆ ಪಾತ್ರೆ ತುಂಬ ನೀರು ಬಿಟ್ಟು, ಮೇಲಿನ ಕಟ್ಟನ್ನು ಅನ್ನಕ್ಕೆ ಹಾಕಿಕೊಂಡರೆ ಬೇಳೆ ತಿಂದಂತೆ ಅನಿಸುತ್ತದೆ, ಅಷ್ಟೇ. ಮನೆಯಲ್ಲಿ ಕೊನೆಗೆ ಉಣ್ಣುವ ಹೆಂಗಸರಿಗೆ ತಳದ ಬೇಳೆ ಉಳಿದಿರುತ್ತದೋ ಇಲ್ಲವೋ ಎನ್ನುವುದನ್ನು ಯಾವ ಆದೇಶವೂ ನಿರ್ಧರಿಸಲಾರದು.

ಸಾರವರ್ಧಿತ ಅಕ್ಕಿ, ಪ್ರೋಟೀನ್ ತಳಿ

ಈ ಎರಡನ್ನೂ ಕಿಟ್‌ನ ಚರ್ಚೆಯಲ್ಲಿ ಬೆರೆಸುವುದರಿಂದ ಗೊಂದಲ ಹೆಚ್ಚಿದೆ. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಕೊಡುವುದಾಗಿ ಪ್ರಧಾನಿ ಘೋಷಿಸಿದ್ದು 2021ರ ಆಗಸ್ಟ್ 15ರಂದು. ಅದನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸಲು ಕೇಂದ್ರ ಸಂಪುಟ 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಯಂತ್ರದಲ್ಲಿ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ, ಅದನ್ನು ನೂರಕ್ಕೆ ಒಂದರಂತೆ ಮಾಮೂಲಿ ಅಕ್ಕಿಗೆ ಸೇರಿಸುವುದು ಇದರ ವಿಧಾನ. ತೊಳೆಯುವಾಗ ಬಣ್ಣ ಬೇರೆಯಾಗಿ ಕಂಡು ಕೆಲವು ಕಡೆ ಪ್ಲಾಸ್ಟಿಕ್ ಅಕ್ಕಿ ಎಂದು ಗುಲ್ಲೆಬ್ಬಿಸಿದ್ದು ಇದೇ ಕಾಳು. ಅದು ರಕ್ತಹೀನತೆಯ ವಿರುದ್ಧದ ಪ್ರಯತ್ನ. ಪ್ರೋಟೀನಿಗೂ ಲೈಸಿನ್‌ಗೂ ಅದಕ್ಕೂ ಸಂಬಂಧವಿಲ್ಲ.

ತಳಿಯ ಸುದ್ದಿಯಲ್ಲಿ ಹುರುಳಿದೆ. ಕಟಕ್‌ನ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ‘ನವೀನ್’ ತಳಿಯ ಹಿನ್ನೆಲೆಯಲ್ಲಿ ಅಭಿವೃದ್ಧಿಪಡಿಸಿದ ಸಿಆರ್ ಧಾನ್ 310ರಲ್ಲಿ ಪ್ರೋಟೀನ್ ಶೇಕಡ 10ರ ಮೇಲಿದೆ. ಪ್ರೋಟೀನ್ ಹೆಚ್ಚಿದಾಗ ಅದರಲ್ಲಿ ಲೈಸಿನ್‌ನ ಪಾಲು ತುಸು ತಗ್ಗುವುದು ಧಾನ್ಯಗಳ ಸಾಮಾನ್ಯ ಸ್ವಭಾವ, ಆದರೂ ಒಟ್ಟು ಲೆಕ್ಕದಲ್ಲಿ ಲಾಭವೇ. ತೊಡಕು ಇರುವುದು ಮಾರುಕಟ್ಟೆಯಲ್ಲಿ. ಭತ್ತಕ್ಕೆ ದರ ಕಟ್ಟುವಾಗ ತೇವ, ಕಾಳಿನ ಸಣ್ಣತನ, ನುಚ್ಚಿನ ಪ್ರಮಾಣ ನೋಡುತ್ತಾರೆ, ಪ್ರೋಟೀನ್ ಅಳೆಯುವುದಿಲ್ಲ. ಕಾಸು ಸಿಗದ ಗುಣಕ್ಕಾಗಿ ರೈತ ಸೋನಾ ಬಿಟ್ಟು ಬೇರೆ ಬೀಜ ಹಾಕುವುದಿಲ್ಲ.

ಲೈಸಿನ್‌ನ ಲೆಕ್ಕವನ್ನು ಮಿಲಿಗ್ರಾಂವರೆಗೆ ನೋಡಿಕೊಳ್ಳುವ ಒಂದು ಉದ್ಯಮ ಮಾತ್ರ ನಮ್ಮ ನಡುವೆಯೇ ಇದೆ. ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದೆ. ಮೆಕ್ಕೆಜೋಳದಲ್ಲಿ ಲೈಸಿನ್ ಕಮ್ಮಿ ಎಂದು ಆಹಾರ ತಯಾರಿಸುವವರು ಸೋಯಾ ಹಿಂಡಿ ಸೇರಿಸುತ್ತಾರೆ, ಸಾಲದ್ದಕ್ಕೆ ಲೈಸಿನ್ ಪುಡಿಯನ್ನೇ ಬೆರೆಸುತ್ತಾರೆ. ಕೊರತೆಯಾದರೆ ಕೋಳಿಯ ತೂಕ ಬರುವುದಿಲ್ಲ, ನಷ್ಟ ತಕ್ಷಣ ಗೊತ್ತಾಗುತ್ತದೆ. ಮಗುವಿನ ಬೆಳವಣಿಗೆ ಕುಂಠಿತವಾದದ್ದು ಗೊತ್ತಾಗುವುದಕ್ಕೆ ವರ್ಷಗಳೇ ಬೇಕು.

ಶಾಲೆಯ ತಟ್ಟೆ

ಮಕ್ಕಳ ಮಟ್ಟಿಗೆ ಪಡಿತರಕ್ಕಿಂತ ನೇರವಾದ ದಾರಿ ಶಾಲೆಯ ಬಿಸಿಯೂಟ. 2013ರಿಂದ ಕ್ಷೀರಭಾಗ್ಯದ ಹಾಲಿದೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಎಂದಾಗಿದೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಹತ್ತಿರ ಪ್ರೋಟೀನ್, ಅದೂ ಎಲ್ಲ ಅಮೈನೊ ಆಮ್ಲಗಳೂ ಕೂಡಿದ್ದು. ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುವುದು ಬಾಳೆಹಣ್ಣು, 2025ರ ಆರಂಭದವರೆಗೆ ಶೇಂಗಾ ಚಿಕ್ಕಿಯೂ ಇತ್ತು. ಬಾಳೆಹಣ್ಣಿನ ಪ್ರೋಟೀನ್ ಒಂದೂವರೆ ಗ್ರಾಂ ದಾಟುವುದು ಕಷ್ಟ. ಚಿಕ್ಕಿಯ ಶೇಂಗಾದಲ್ಲಿ ಲೈಸಿನ್ ಮೊದಲೇ ಕಮ್ಮಿ, ಹುರಿದು ಬೆಲ್ಲದ ಬಿಸಿಪಾಕಕ್ಕೆ ಹಾಕುವುದರಿಂದ ಇನ್ನಷ್ಟು ಕಮ್ಮಿ. ಮೊಟ್ಟೆ ಬೇಡ ಎನ್ನುವುದು ಮನೆಯವರ ನಂಬಿಕೆಗೆ ಬಿಟ್ಟದ್ದು, ಅದನ್ನು ಗೌರವಿಸಬೇಕು. ಆದರೆ ಬದಲಿಗೆ ಕೊಡುವುದು ಮೊಟ್ಟೆಗೆ ಸಮ ಎಂದು ಹೇಳುವಂತಿಲ್ಲ. ಬೇಯಿಸಿದ ಹೆಸರುಕಾಳಿನ ಅಥವಾ ಕಡಲೆಕಾಳಿನ ಉಸಲಿ ಹೆಚ್ಚು ಹತ್ತಿರ ಬರುತ್ತದೆ.

ಹೊಲಕ್ಕೂ ಅಂಗಡಿಗೂ ಆಗುವ ಪರಿಣಾಮ

ಕೋಟ್ಯಂತರ ಜನರಿಗೆ ತಿಂಗಳು ತಿಂಗಳೂ ಬೇಳೆ ಕೊಡುವುದೆಂದರೆ ರಾಜ್ಯವೇ ದೊಡ್ಡ ಖರೀದಿದಾರನಾಗುತ್ತದೆ. ಕಲಬುರಗಿ ತೊಗರಿಯ ಕಣಜ ಎನ್ನುವುದು ಎಲ್ಲರಿಗೂ ಗೊತ್ತು. ಚಿತ್ರದುರ್ಗದಲ್ಲೂ ಶೇಂಗಾ ನಡುವೆ ಅಕ್ಕಡಿ ಸಾಲಾಗಿ ತೊಗರಿ ಬಿತ್ತುವುದು ಹಳೆಯ ರೂಢಿ. ಡಿಸೆಂಬರ್, ಜನವರಿಯಲ್ಲಿ ಕೊಯ್ಲಾಗುವ ಹೊತ್ತಿಗೆ ಬೆಂಬಲ ಬೆಲೆಯಲ್ಲಿ ನೇರ ರೈತರಿಂದ ಕೊಂಡರೆ ಈ ಸಾಲುಗಳು ಮತ್ತಷ್ಟು ಅಗಲವಾಗಬಹುದು. ಟೆಂಡರ್ ಕರೆದು ಹೊರಗಿನ ಬೇಳೆ ತರಿಸಿದರೆ ಇಲ್ಲಿನ ಹೊಲಕ್ಕೆ ಏನೂ ಮುಟ್ಟುವುದಿಲ್ಲ.

ಅಪಾಯ ಬೆಲೆಯಲ್ಲಿದೆ. ಅಕ್ಕಿಯ ದರ ವರ್ಷದಲ್ಲಿ ಸ್ವಲ್ಪ ಅತ್ತಿತ್ತ ಆಗಬಹುದು. ತೊಗರಿಯದು ಮಳೆ ತಪ್ಪಿದ ವರ್ಷ ದಿಢೀರ್ ಏರುತ್ತದೆ. ಆಗ ಕಿಟ್‌ನ ಬೇಳೆಯ ಪ್ರಮಾಣ ತಗ್ಗಿಸುವುದು, ಸಕ್ಕರೆ, ಉಪ್ಪಿನಿಂದ ತೂಕ ಸರಿದೂಗಿಸುವುದು ಸುಲಭದ ದಾರಿ. ಇಂಥ ಹೊತ್ತಿನಲ್ಲಿ ಹುರಳಿ, ಕಡಲೆ, ಅಲಸಂದೆ ಯಾವುದು ಅಗ್ಗವೋ ಅದನ್ನು ಕೊಡಬಹುದು ಎಂಬ ಸಡಿಲಿಕೆ ಆದೇಶದಲ್ಲಿ ಇದ್ದರೆ ಲೈಸಿನ್ ಕೈತಪ್ಪುವುದಿಲ್ಲ. ಕಾರ್ಡಿನಲ್ಲಿ ತಲೆ ಎಷ್ಟಿದೆಯೋ ಅಷ್ಟು ಕಿಲೋ ಕಾಳು, ಬೇಳೆ ಬಾರದ ತಿಂಗಳು ಆ 5 ಕೆ.ಜಿ ಅಕ್ಕಿ ವಾಪಸ್ ಎಂಬ ಎರಡು ಸಾಲು ಅದರ ಜೊತೆಗೆ ಸೇರಿದರೆ, ಅಕ್ಕಿಯನ್ನೇ ನಂಬಿಕೊಂಡ ಮನೆಗೆ ಈ ಬದಲಾವಣೆಯಿಂದ ಕಳೆದುಕೊಳ್ಳುವುದು ಬಹಳ ಕಡಿಮೆ.